ಒಂದೇ ದಿನ ಎರಡು ಸಲ ಬಲಸಮುದ್ರಕ್ಕೆ

ನನ್ನ ತಮ್ಮ ಮುದ್ದಣ್ಣನ ಕಣ್ಣಲ್ಲಿ ನೀರೇ ಇಲ್ಲ ಎಂದು ನಮ್ಮೂರಿನಲ್ಲಿ ಆಡಿಕೊಳ್ಳುತ್ತಿದ್ದರು. ಊರವರು ಆಡಿಕೊಳ್ಳುವುದರಲ್ಲಿ ಮುಕ್ಕಾಲು ಪಾಲು ಸುಳ್ಳೇ ಇರುತ್ತದೆ, ಆದರೆ ಈ ಮಾತು ಸುಳ್ಳಾಗಿರಲಿಲ್ಲ. ಅವನು ಯುದ್ಧ ಮುಗಿಸಿಕೊಂಡು ಮನೆಗೆ ಬಂದ ದಿನ ನಾನೇ ಕಣ್ಣಾರೆ ನೋಡಿದೆ.

ನಮ್ಮದು ಕೊರಟಗೆರೆ ಕಡೆ, ದುರ್ಗದ ಬೆಟ್ಟದ ಬುಡದಲ್ಲಿರುವ ಊರು. ಸಾವಾದ ಮನೆಗೆ ತಡವಾಗಿ ಬಂದವರನ್ನು ಹೆಂಗಸರು ಬಾಗಿಲಲ್ಲೇ ತಬ್ಬಿಕೊಂಡು ಮತ್ತೊಂದು ಸಲ ಅಳುವುದು ನಮ್ಮಲ್ಲಿ ನಡೆದು ಬಂದದ್ದು. ಅವನ ಹೆಂಡತಿ ಲಕ್ಕಮ್ಮ ಸತ್ತು ಆಗಲೇ ಎರಡು ವರ್ಷದ ಮೇಲಾಗಿತ್ತು. ಆದರೂ ನಾನು, ನಮ್ಮ ಚಿಕ್ಕಮ್ಮ, ಓಣಿಯ ಹೆಂಗಸರೆಲ್ಲ ಸೇರಿ ಅವನ ಕೊರಳಿಗೆ ಬಿದ್ದು ಗೋಳೋ ಎಂದು ಅತ್ತೆವು. ಅವನು ಖಾಕಿ ಷರಟು ಹಾಕಿಕೊಂಡು ಕಂಬದ ಹಾಗೆ ನಿಂತಿದ್ದ. ನಾವು ಅತ್ತು ಸಾಕಾಗಿ ಮೂಗು ಒರೆಸಿಕೊಳ್ಳುವ ಹೊತ್ತಿಗೆ, "ಅಕ್ಕ, ನೀರು ಕಾದದಾ? ಮೈ ತೊಳ್ಕೋಬೇಕು" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ನೀರು ಕಾಯಿಸಿ ಕೊಟ್ಟೆ, ಜೊತೆಗೆ ಬಾಯಿಗೆ ಬಂದದ್ದನ್ನೂ ಕೊಟ್ಟೆ.

ಲಕ್ಕಮ್ಮ ಪಾವಗಡ ತಾಲ್ಲೂಕಿನ ಬಲಸಮುದ್ರದವಳು. ಮನೆಮಾತು ತೆಲುಗು. ನಮ್ಮ ಮನೆಗೆ ಬಂದ ಮೇಲೆ ಕನ್ನಡ ಕಲಿತಳು, ಅದೂ ನನ್ನ ಜೊತೆ ಜಗಳವಾಡಿ ಜಗಳವಾಡಿಯೇ ಕಲಿತಳು. ನನ್ನ ತಮ್ಮ ಮಾತ್ರ ತೆಲುಗು ಕಲಿಯುವ ಗೋಜಿಗೆ ಹೋಗಲಿಲ್ಲ. "ಅವಳು ಕಲ್ತ್ಕೊಂಡವಳಲ್ಲ, ಸಾಕು ಬುಡು" ಎನ್ನುತ್ತಿದ್ದ. ಅವಳು ಬಸುರಿಯಾಗಿದ್ದಾಗ ಇವನು ದಂಡಿಗೆ ಸೇರಿಕೊಂಡ. ಆಗ ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಮಧುಗಿರಿ ಬಸ್ಸಿನ ಒಲೆಗೆ ಗಾಳಿ ಹಾಕುವ ಕೆಲಸ ಮಾಡುತ್ತಿದ್ದವನಿಗೆ ಇಂಜಿನ್ನು ಎಂದರೆ ಪ್ರಾಣ. ದಂಡಿನವರು ಅವನನ್ನು ಸಮುದ್ರದಾಚೆ ಬಸ್ರಾಕ್ಕೆ ಕರೆದುಕೊಂಡು ಹೋಗಿ ಕೈಗೆ ಮೋಟರ್ ಸೈಕಲ್ ಕೊಟ್ಟರು. ಒಂದು ಠಾಣ್ಯದಿಂದ ಇನ್ನೊಂದಕ್ಕೆ ಕಾಗದ ಪತ್ರ ಮುಟ್ಟಿಸುವುದು ಅವನ ಕೆಲಸವಾಯಿತು.

ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದ ಲಕ್ಕಮ್ಮ ಗಂಡು ಕೂಸು ಹೆತ್ತಳು. ಆ ವಾರದಲ್ಲೇ ಬಾಣಂತಿ ಸನ್ನಿ ಬಂದು ಹೋಗಿಬಿಟ್ಟಳು. ಸುದ್ದಿ ಬಸ್ರಾ ಮುಟ್ಟುವ ಹೊತ್ತಿಗೆ ಇಲ್ಲಿ ತಿಥಿಯೂ ಮುಗಿದಿತ್ತು. ಅಲ್ಲಿ ಅವನ ಜೊತೆ ಕೂತು ಅಳುವವರು ಯಾರೂ ಇರಲಿಲ್ಲ, ಇಲ್ಲಿಗೆ ಬಂದಾಗ ನಾವೆಲ್ಲ ಅತ್ತು ಮುಗಿಸಿದ್ದೆವು. ನಡುವೆ ಅವನ ಪಾಲಿನ ಅಳು ಎಲ್ಲಿ ಬಿದ್ದುಹೋಯಿತೋ ಆ ನರಸಿಂಹದೇವರಿಗೇ ಗೊತ್ತು.

ಬಂದ ಮೇಲೆ ಅವನಿಗೆ ಸಿಕ್ಕಿದ್ದೂ ಫಟಫಟಿಯೇ. ಮಧುಗಿರಿಯಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದ ವೃಷಭೇಂದ್ರಪ್ಪನವರು ದಂಡಿನವರು ಮಾರಿದ ಒಂದು ಮೋಟರ್ ಸೈಕಲನ್ನು ಬೆಂಗಳೂರಿನಿಂದ ತರಿಸಿದ್ದರು. ಸ್ವತಃ ಓಡಿಸಿ ಊರಿಗೆಲ್ಲ ತೋರಿಸಬೇಕೆಂದು ಅವರ ಆಸೆ. ಮೊದಲನೆಯ ದಿನವೇ ಅದು ಅವರನ್ನು ಹೊತ್ತುಕೊಂಡು ಹೋಗಿ ಪಾಪಸುಕಳ್ಳಿ ಮೆಳೆಯೊಳಗೆ ಹಾಕಿತು. ಮುಳ್ಳು ಕಿತ್ತು ಕಿತ್ತು ಅವರ ಮನೆಯವರಿಗೆ ಕಣ್ಣು ನೋವು ಬಂತಂತೆ. ಆಮೇಲೆ ನನ್ನ ತಮ್ಮನನ್ನು ಕರೆಸಿದರು. ಶಿರಾ, ಪಾವಗಡ, ಕೊಡಿಗೇನಹಳ್ಳಿ ಹೀಗೆ ಸುತ್ತಲಿನ ಪೇಟೆಗಳಿಗೆ ದರ ಮುಟ್ಟಿಸುವುದು, ಅಲ್ಲಿಯ ದರ ಕೇಳಿಕೊಂಡು ಬರುವುದು, ಮಾದರಿಯ ಕಾಯಿ ಚೀಲದಲ್ಲಿ ತರುವುದು ಅವನ ಉದ್ಯೋಗವಾಯಿತು. ಬಸ್ಸಿನವರು ಇನ್ನೂ ಒಲೆ ಊದುತ್ತಿರುವಾಗಲೇ ಇವನು ಹೋಗಿ ಬಂದಿರುತ್ತಿದ್ದ.

ಅವನಿಗೆ ಎಲ್ಲಕ್ಕಿಂತ ಒಗ್ಗಿದ್ದು ಪಾವಗಡದ ದಾರಿ. ಮಿಡಿಗೇಶಿ ದಾಟಿದ ಮೇಲೆ ಗುಡ್ಡ, ಗುಡ್ಡದ ಮಗ್ಗುಲಿಗೆ ಗುಡ್ಡ. ನಡುವೆ ಒಂದು ತುಂಡು ಮದರಾಸು ಸೀಮೆ, ಮತ್ತೆ ನಮ್ಮ ಮೈಸೂರು ಸೀಮೆ. ಗರುಸು ರಸ್ತೆ ಬಂಡೆಗಳನ್ನು ಬಳಸಿ ಬಳಸಿ ಏರಿ ಇಳಿಯುತ್ತದೆ. ಜಾಲಿ, ಸೀತಾಫಲದ ಗಿಡ, ಅಲ್ಲೊಂದು ಇಲ್ಲೊಂದು ಹೊಂಗೆಯ ಮರ. ಎಷ್ಟೋ ಹೊತ್ತು ಹೋದರೂ ಎದುರಿಗೆ ಒಂದು ಎತ್ತಿನ ಗಾಡಿ ಸಿಗುವುದಿಲ್ಲ. ಅಂಥ ಕಾಡುದಾರಿಯಲ್ಲಿ ಒಬ್ಬನೇ ಹೋಗುವುದಕ್ಕೆ ಬೇಜಾರಾಗುವುದಿಲ್ಲವೇ ಎಂದು ಕೇಳಿದೆ.

"ತಿರುವು ಬಂದ್ರೆ ಬಾಗೋದು, ಕಳುದ್ರೆ ನೆಟ್ಟಗಾಗೋದು. ಅಷ್ಟೇ ಕಣಕ್ಕ. ಆ ದಾರಿ ನನ್ನ ಇನ್ನೇನೂ ಕೇಳಾಕಿಲ್ಲ" ಎಂದ.

ಮನುಷ್ಯನಾದವನು ಆಡುವ ಮಾತೇ ಅದು? ಆದರೆ ಅವನು ಹಾಗೇ ಆಗಿಹೋಗಿದ್ದ. ಮುದ್ದೆ ಇಟ್ಟರೆ ಉಣ್ಣುತ್ತಿದ್ದ, ಇಡದಿದ್ದರೆ ಕೇಳುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕುವುದನ್ನು ಬೇಕೆಂತಲೇ ಮರೆತು ನೋಡಿದೆ. ಗೊತ್ತೇ ಆಗದವನ ಹಾಗೆ ಉಂಡು ಕೈ ತೊಳೆದ. ಬೈದರೂ ಅಷ್ಟೇ, ನಕ್ಕರೂ ಅಷ್ಟೇ.

ಕೂಸು ಬಲಸಮುದ್ರದಲ್ಲೇ ಬೆಳೆಯುತ್ತಿತ್ತು. ಪಾವಗಡದವರೆಗೆ ಎಷ್ಟು ಸಲ ಹೋಗಿ ಬಂದರೂ ಇವನು ಒಂದು ದಿನವೂ ಹೋಗಿ ಅದರ ಮುಖ ನೋಡಿರಲಿಲ್ಲ. ಲಕ್ಕಮ್ಮನ ಅಣ್ಣ ಪೆದ್ದಣ್ಣ, ಅವನ ಹೆಂಡತಿ ಕದರಮ್ಮ ಇಟ್ಟುಕೊಂಡಿದ್ದರು. ಕದರಮ್ಮನ ಹಣೆಬರಹವನ್ನೂ ಹೇಳಬೇಕು. ಲಕ್ಕಮ್ಮ ಹೆತ್ತ ತಿಂಗಳಲ್ಲೇ ಅವಳೂ ಹೆತ್ತಿದ್ದಳು, ಅವಳ ಕೂಸು ಉಳಿಯಲಿಲ್ಲ. ಎದೆ ತುಂಬ ಹಾಲಿತ್ತು, ಕುಡಿಯುವ ಬಾಯಿ ಇರಲಿಲ್ಲ. ನಾದಿನಿಯ ಕೂಸಿಗೆ ಆ ಹಾಲು ಕೊಟ್ಟು ಸಾಕಿದಳು. ಓಬಳೇಶ ಎಂದು ಹೆಸರಿಟ್ಟರು, ಕರೆಯುವುದು ಓಬುಳು ಎಂದು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ.

ಕಡಲೆಕಾಯಿ ಕೀಳುವ ಕಾಲಕ್ಕೆ ಸ್ವಲ್ಪ ಮುಂಚೆ ಬಲಸಮುದ್ರದಿಂದ ಹೇಳಿಕಳಿಸಿದರು. ಕೂಸನ್ನು ಕದರಮ್ಮನ ಮಡಿಲಿಗೆ ಹಾಕಿಬಿಡಿ ಎಂದು ಕೇಳಿದ್ದರು. ನಮ್ಮ ಜನರಲ್ಲಿ ಮಡಿಲಿಗೆ ಹಾಕುವುದು ಎಂದರೆ ಹುಡುಗಾಟವಲ್ಲ. ಕಂಬಳಿಯ ಮೇಲೆ ಕೂತು ತಂದೆ ತನ್ನ ಕೈಯಾರೆ ಕೂಸನ್ನು ಎತ್ತಿ ಇಟ್ಟು, ನಾಲ್ಕು ಜನರ ಎದುರಿಗೆ ಕೊಟ್ಟೆ ಎಂದರೆ ಮುಗಿಯಿತು. ಆ ಕೂಸು ಆಮೇಲೆ ಅವರ ಮನೆಯದು, ಅವರ ಕುಲದ್ದು, ಅವರ ಬೆಡಗಿನದು. ವಾಪಸು ಕೊಡಿ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ನಾನು ಸಿಟ್ಟಿನಿಂದ ಕುಣಿದಾಡಿಬಿಟ್ಟೆ. "ಲೇ ಮುದ್ದ, ನಮ್ಮ ಲಕ್ಕಮ್ಮ ಬಿಟ್ಟು ಹೋಗಿರೋದು ಅದೊಂದೇ ಕಣ್ಲಾ. ಹೋಗು, ಹೋಗಿ ಕೂಸ್ನ ತಂದ್ಬುಡು. ನಾನು ಸಾಕ್ತೀನಿ."

"ನಂಗೇನೂ ಅನ್ನಿಸ್ತಾ ಇಲ್ಲ ಅಕ್ಕ" ಎಂದ ಅವನು. "ಕೂಸು ಅಂದ್ರೂ ಏನೂ ಅನ್ನಿಸಾಕಿಲ್ಲ. ಏನೂ ಅನ್ನಿಸ್ದೇ ಇರೋನತ್ರ ಅದು ಯಾಕಿರ್ಬೇಕು?"

"ಕಣ್ಣಿಂದ ನೋಡು ಮೊದ್ಲು. ಎತ್ಕೊಂಡ್ರೆ ತಾನೇ ಅನ್ನಿಸ್ತದೆ."

"ಆಗ್ಲಿ, ನೋಡ್ತೀನಿ" ಎಂದು ಹೊರಟ. ನಾನು ಹಳೆಯ ಸೀರೆ ಹರಿದು ಕೂಸಿಗೆ ಕೌದಿ ಹೊಲಿಯಲು ಕೂತೆ. ಎತ್ತಿಕೊಂಡ ಮೇಲೆ ಯಾವ ತಂದೆ ತಾನೇ ಬಿಟ್ಟು ಬರುತ್ತಾನೆ ಎಂದು ನನ್ನ ಲೆಕ್ಕ. ಆ ದಿನ ನಡೆದದ್ದರಲ್ಲಿ ಅರ್ಧವನ್ನು ಬಹಳ ಕಾಲದ ಮೇಲೆ ಅವನೇ ನನಗೆ ಹೇಳಿದ, ಇನ್ನರ್ಧವನ್ನು ಕದರಮ್ಮ ಹೇಳಿದಳು.

ಫಟಫಟಿ ಬಲಸಮುದ್ರದೊಳಗೆ ಬಂದಾಗ ಊರಿನ ಹುಡುಗರೆಲ್ಲ ಹಿಂದೆ ಓಡಿ ಬಂದರಂತೆ. ಪೆದ್ದಣ್ಣನ ಮನೆಯ ಮುಂದೆ ನಿಲ್ಲಿಸಿದಾಗ ಒಂದು ಪುಟ್ಟ ಮಗು ಬಂದು ಬಿಸಿ ಇಂಜಿನ್ನಿಗೆ ಕೈ ಚಾಚಿತು. ಮುದ್ದಣ್ಣ ಫಕ್ಕನೆ ಆ ಕೈ ಹಿಡಿದು ಈಚೆಗೆಳೆದ. ಅದೇ ಓಬುಳು ಎಂದು ಪೆದ್ದಣ್ಣ ಹೇಳಬೇಕಾಯಿತು. ಹುಡುಗನ ಮೂಗು ಥೇಟು ಲಕ್ಕಮ್ಮನದೇ. ಮುದ್ದಣ್ಣ ಅದನ್ನು ನೋಡಿದ, ಹೌದು ಅವಳದೇ ಮೂಗು ಎಂದುಕೊಂಡ. ಅಷ್ಟೇ.

ಹುಡುಗ ಹಟ ಹಿಡಿದದ್ದಕ್ಕೆ ಅವನನ್ನು ಹೆಗಲ ಮೇಲಿನ ವಲ್ಲಿಯಿಂದ ಬೆನ್ನಿಗೆ ಬಿಗಿದುಕೊಂಡು ಕೆರೆ ಏರಿಯವರೆಗೆ ಒಂದು ಸುತ್ತು ಹಾಕಿಸಿದ. ಹುಡುಗ "ಇಂಕಾ ಪೋನೀ! ಇಂಕಾ ಪೋನೀ!" ಎಂದು ಬೆನ್ನಿಗೆ ಗುದ್ದುತ್ತಿದ್ದ. ಇನ್ನೂ ಓಡಿಸು ಎನ್ನುತ್ತಿದ್ದಾನೆ ಎಂದು ಮುದ್ದಣ್ಣನಿಗೆ ಅಂದಾಜಾಯಿತು. ಇನ್ನೊಂದು ಸುತ್ತು ಹಾಕಿಸಿದ. ಬೆನ್ನ ಮೇಲೆ ರಾಗಿ ಚೀಲ ಇದ್ದ ಹಾಗಿತ್ತು, ಬೆಚ್ಚಗಿತ್ತು, ಮತ್ತೇನೂ ಅನ್ನಿಸಲಿಲ್ಲ ಎಂದು ಹೇಳಿದ. ನಾನು ಕೇಳಿದ್ದಕ್ಕೆ ಹೀಗೇ ಹೇಳಿದ, ಒಂದು ಮಾತು ಸೇರಿಸಲಿಲ್ಲ, ಬಿಡಲಿಲ್ಲ.

ಆಮೇಲೆ ಕಂಬಳಿ ಹಾಸಿದರು. ಎಲೆ ಅಡಿಕೆ, ತೆಂಗಿನಕಾಯಿ, ಅರಿಶಿನ ಕುಂಕುಮ ಎಲ್ಲ ತಯಾರಾಗಿತ್ತು. ಪೆದ್ದಣ್ಣ ಒಳ್ಳೆಯ ಮನುಷ್ಯ, ಬಲವಂತ ಮಾಡುವವನಲ್ಲ. "ಬಾವಾ, ನಿಮ್ಮ ಮಾಟೇ ಮಾಟ. ಬೇಡ ಅಂದ್ರೆ ಬೇಡ" ಎಂದ, ತನ್ನ ತೆಲುಗು ಬೆರೆತ ಕನ್ನಡದಲ್ಲಿ. ಕದರಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳು ಎರಡು ದಿನದಿಂದ ಅನ್ನ ಮುಟ್ಟಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಮುದ್ದಣ್ಣ ಕಂಬಳಿಯ ಮೇಲೆ ಕೂತ. ಓಬುಳುವನ್ನು ಎತ್ತಿ ಅವಳ ಮಡಿಲಿಗೆ ಇಟ್ಟ. ಕೊಟ್ಟೆ ಎಂದ. ಊರ ಹಿರಿಯರು ಇನ್ನೊಂದು ಸಲ ಅನ್ನಿ ಎಂದರು, ಅಂದ. ಮತ್ತೊಂದು ಸಲ ಅನ್ನಿ ಎಂದರು, ಅಂದ. ಮಂಡಿಯಲ್ಲಿ ದರ ಹೇಳುವವನ ಹಾಗೆ ಇತ್ತಂತೆ ಅವನ ದನಿ. ಊಟಕ್ಕೆ ಹೋಳಿಗೆ ಮಾಡಿದ್ದರು. ಉಂಡು, ಎಲೆ ಅಡಿಕೆ ಹಾಕಿಕೊಂಡು, ಹೊತ್ತು ಇಳಿಯುವ ಮುಂಚೆ ಹೊರಟ.

ಪಾವಗಡ ದಾಟಿದ, ಗುಡ್ಡದ ದಾರಿ ಹಿಡಿದ. ತಿರುವು ಬಂತು, ಬಾಗಿದ. ತಿರುವು ಕಳೆಯಿತು, ನೆಟ್ಟಗಾದ. ಎಡಕ್ಕೆ ಬಂಡೆಯ ಗೋಡೆ, ಬಲಕ್ಕೆ ಹಳ್ಳ. ಬಿಸಿಲು ಬಂಡೆಯ ಮೇಲಿಂದ ಇಳಿದು ರಸ್ತೆಗೆ ಅಡ್ಡ ಬಿದ್ದಿತ್ತು. ಒಂದು ಇಳಿಜಾರಿನ ತಿರುವಿಗೆ ಇನ್ನೇನು ಬಾಗಬೇಕು, ಮೇಲೆ ಗುಡ್ಡದ ಮಗ್ಗುಲಲ್ಲಿ ಸೀತಾಫಲ ಕೀಳುತ್ತಿದ್ದ ಒಬ್ಬ ಹೆಂಗಸು ಬುಟ್ಟಿ ಬಿಸಾಡಿ ಎರಡು ಕೈಯನ್ನೂ ಮೇಲೆತ್ತಿಕೊಂಡು ಓಡಿ ಬರುತ್ತಿದ್ದಳು.

"ಬಿದ್ದ! ಬಿದ್ದ!" ಎಂದು ಕೂಗುತ್ತಿದ್ದಳು.

ನನ್ನ ತಮ್ಮ ಸರಕ್ಕನೆ ಬ್ರೇಕು ಒತ್ತಿದ. ಎಡಗೈ ತಾನಾಗಿ ಬೆನ್ನಿಗೆ ಹೋಯಿತು. ಬೆನ್ನ ಮೇಲೆ ಕೂಸು ಇರಲಿಲ್ಲ. ಅವನು ಫಟಫಟಿಯನ್ನು ನಡುರಸ್ತೆಯಲ್ಲಿ ಕೆಡವಿ, ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದ. "ಓಬುಳೂ! ಓಬುಳೂ!" ಎಂದು ಕೂಗುತ್ತ ಓಡಿದ. ರಸ್ತೆಯ ಅಂಚಿನಲ್ಲಿ ನೋಡಿದ, ಹಳ್ಳಕ್ಕೆ ಇಳಿದು ನೋಡಿದ. ಜಾಲಿಯ ಮೆಳೆಯನ್ನು ಬರಿಗೈಯಲ್ಲಿ ಎಳೆದು ಅದರ ಕೆಳಗೆ ನೋಡಿದ. ಕೈಯೆಲ್ಲ ಮುಳ್ಳು ಗೀರಿ ರಕ್ತ ಬಂತು. ಕೂಸು ಎಲ್ಲೂ ಸಿಗಲಿಲ್ಲ. ಇನ್ನೊಂದು ಮೆಳೆಗೆ ಕೈ ಹಾಕಿದಾಗ ಅವನಿಗೆ ನೆನಪಾಯಿತು. ಕೂಸು ಬಲಸಮುದ್ರದಲ್ಲಿದೆ. ತಾನೇ ಕೊಟ್ಟು ಬಂದಿದ್ದೇನೆ. ಬೆಳಗಿನ ಸವಾರಿ ಬೆಳಿಗ್ಗೆಯೇ ಮುಗಿದುಹೋಗಿದೆ.

ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು ಅಳಲು ಶುರು ಮಾಡಿದ. ಬಾಯಿ ಬಿಟ್ಟುಕೊಂಡು, ದನಿ ತೆಗೆದು, ನಾವು ಹೆಂಗಸರು ಅಳುವ ಹಾಗೆ ಅತ್ತ. ಲಕ್ಕಮ್ಮನಿಗೆ ಅತ್ತನೋ, ಕೂಸಿಗೆ ಅತ್ತನೋ, ಯಾವುದು ಮೊದಲು ಬಂತು ಎಂದು ಅವನಿಗೇ ಗೊತ್ತಿರಲಿಲ್ಲ.

ಆ ಹೆಂಗಸು ಬಿದ್ದ ಎಂದು ಕೂಗಿರಲೇ ಇಲ್ಲ. ಅವಳು ಕೂಗಿದ್ದು ಬಿಡ್ಡ ಎಂದು. ಆ ಕಡೆಯ ತೆಲುಗಿನಲ್ಲಿ ಬಿಡ್ಡ ಎಂದರೆ ಕೂಸು. ಅಷ್ಟು ದೊಡ್ಡ ಇಂಜಿನ್ನಿನ ಸದ್ದಿನಲ್ಲಿ ಡಕಾರ ಯಾವುದು ದಕಾರ ಯಾವುದು ಎಂದು ಯಾರಿಗೆ ಕೇಳಿಸುತ್ತದೆ? ಹೆಂಡತಿಯ ಮಾತು ಒಂದಿಷ್ಟು ಕಲಿತಿದ್ದರೆ ತಿಳಿಯುತ್ತಿತ್ತು. ಆ ಹೆಂಗಸಿನ ಕೂಸು ಅಂಬೆಗಾಲಿಟ್ಟುಕೊಂಡು ರಸ್ತೆಗೆ ಇಳಿದು ತಿರುವಿನ ಆಚೆ ಕೂತಿತ್ತು. ಮುದ್ದಣ್ಣ ತಪ್ಪಾಗಿ ಕೇಳಿಸಿಕೊಂಡು ನಿಂತನಲ್ಲ, ಅದರಿಂದ ಅದು ಉಳಿಯಿತು. ಸರಿಯಾಗಿ ಕೇಳಿಸಿಕೊಂಡು ಇದೇನಪ್ಪಾ ಎಂದು ಒಂದು ಗಳಿಗೆ ಯೋಚಿಸಿದ್ದರೂ ಚಕ್ರ ಅದರ ಮೇಲೆ ಹೋಗುತ್ತಿತ್ತು.

ಅವಳು ಕೂಸನ್ನು ಸೊಂಟಕ್ಕೆ ಎತ್ತಿಕೊಂಡು ಹಿಂದೆ ಬಂದಳು. ರಸ್ತೆಯ ಮಣ್ಣಿನಲ್ಲಿ ಕೂತು ಅಳುತ್ತಿದ್ದ ಗಂಡಸನ್ನು ನೋಡಿದಳು. ಗಾಡಿ ತಾಗಿ ಈ ಕೂಸಿಗೆ ಏನೋ ಆಗಿಹೋಯಿತು ಎಂದು ಅಳುತ್ತಿದ್ದಾನೆ ಎಂದುಕೊಂಡಳು, ಪಾಪ. "ಏಡ್ವಾಕನ್ನಾ, ಬಿಡ್ಡಕೇಂ ಕಾಲೇದು" ಎಂದಳು. ಅಳಬೇಡಣ್ಣ, ಕೂಸಿಗೆ ಏನೂ ಆಗಿಲ್ಲ ಎಂದು ಅದರ ಅರ್ಥ. ಅವನ ಅಳು ನಿಲ್ಲಲಿಲ್ಲ. ಅವಳಿಗೆ ಬೇರೆ ದಾರಿ ಕಾಣಲಿಲ್ಲ. ತನ್ನ ಕೂಸನ್ನು ಎತ್ತಿ ಅವನ ತೊಡೆಯ ಮೇಲೆ ಕೂರಿಸಿದಳು. ಕೈ ಹಿಡಿದು ತೋರಿಸಿದಳು, ಕಾಲು ಹಿಡಿದು ತೋರಿಸಿದಳು. ಮೈ ತುಂಬ ಧೂಳು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ. ಅದು ಅವನ ಷರಟಿನ ಗುಂಡಿಯನ್ನು ಬಾಯಿಗೆ ಹಾಕಿಕೊಂಡಿತು.

"ಯಾರ ಕೂಸು ಅಂತ ನನ್ನ ಕೈಗೆ ಗೊತ್ತಾಗ್ಲಿಲ್ಲ ಕಣಕ್ಕ" ಎಂದು ಅವನು ನನಗೆ ಹೇಳಿದ. "ಬುಡಾಕೆ ಮನಸು ಬರ್ಲಿಲ್ಲ. ಅವಳೇ ಬಿಡಿಸ್ಕೊಂಡ್ಳು."

ಕಣ್ಣು ಒರೆಸಿಕೊಂಡು ಫಟಫಟಿ ಎತ್ತಿ ನಿಲ್ಲಿಸಿದ. ಮುಂದಿನ ದೀಪ ಒಡೆದಿತ್ತು, ಹಿಡಿ ಸೊಟ್ಟಗಾಗಿತ್ತು. ಮಧುಗಿರಿಗೆ ಹೋದರೆ ವೃಷಭೇಂದ್ರಪ್ಪನವರಿಂದ ಮುಖಕ್ಕೆ ಮಂಗಳಾರತಿ ಕಾದಿತ್ತು. ಅವನು ಮಧುಗಿರಿಯ ಕಡೆ ಹೋಗಲೇ ಇಲ್ಲ, ಗಾಡಿಯನ್ನು ತಿರುಗಿಸಿದ. ಕೊಟ್ಟದ್ದನ್ನು ಕೇಳಬಾರದು ಎಂದು ಗೊತ್ತಿತ್ತು. ಕೇಳಿದರೆ ಊರವರು ಉಗಿಯುತ್ತಾರೆ ಎಂದೂ ಗೊತ್ತಿತ್ತು. ಉಗಿಯಲಿ, ಒರೆಸಿಕೊಂಡು ಕೂಸನ್ನು ಎತ್ತಿಕೊಂಡು ಬರುತ್ತೇನೆ ಎಂದು ಹೊರಟ. ಅದುವರೆಗೆ ಎದುರಿನ ತಿರುವೊಂದನ್ನು ಬಿಟ್ಟು ಇನ್ನೇನೂ ಬೇಕಿರದಿದ್ದವನಿಗೆ ಆ ದಿನ ದಾರಿ ಮುಗಿಯಲೇ ಇಲ್ಲವಂತೆ. ಕಣ್ಣು ಮಂಜಾಗಿ, ಈಗ ಬಲಕ್ಕೆ ಬಂದಿದ್ದ ಬಂಡೆಗೆ ಎರಡು ಸಲ ಮೊಣಕಾಲು ತಾಗಿಸಿಕೊಂಡ. ನನ್ನ ಕೂಸು ಕೊಟ್ಟುಬಿಡಿ ಎನ್ನುವ ಮಾತನ್ನು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಂಡು ಹೋದ.

ಬಲಸಮುದ್ರದಲ್ಲಿ ಪೆದ್ದಣ್ಣ ಹೊಲಕ್ಕೆ ಹೋಗಿದ್ದ. ಕದರಮ್ಮ ಜಗಲಿಯಲ್ಲಿ ಕೂತು ಓಬುಳುವಿಗೆ ಹೋಳಿಗೆ ತಿನ್ನಿಸುತ್ತಿದ್ದಳು. ಮೊದಲು ಸದ್ದು ಕೇಳಿದ್ದು ಅವಳಿಗೇ. ಕೆರೆ ಏರಿಯ ಮೇಲೆ ಫಟಫಟಿ ಬರುತ್ತಿರುವಾಗಲೇ ಅವಳಿಗೆ ಎಲ್ಲ ಅರ್ಥವಾಗಿ ಹೋಯಿತು. ಹುಡುಗನನ್ನು ಬಾಚಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿ ಅಗುಳಿ ಜಡಿದಳು. ಕಿಟಕಿ ಇಲ್ಲದ ಮನೆ. ಒಳಗೆ ಒಲೆ ಇನ್ನೂ ಆರಿರಲಿಲ್ಲ.

ಮುದ್ದಣ್ಣ ಗಾಡಿ ನಿಲ್ಲಿಸಿ ಜಗಲಿ ಹತ್ತಿದ. ಅರ್ಧ ತಿಂದ ಹೋಳಿಗೆ ಅಲ್ಲೇ ಬಿದ್ದಿತ್ತು. ಬಾಗಿಲಿಗೆ ಕೈ ಇಟ್ಟ, ತಟ್ಟಲಿಲ್ಲ. ಒಳಗೆ ಹುಡುಗನ ದನಿ ಕೇಳಿಸಿತು.

"ಅಮ್ಮಾ, ಫಟಫಟಿ ವಚ್ಚಿಂದಿ! ತಲುಪು ತೀಯಿ!"

ಫಟಫಟಿ ಬಂತು, ಬಾಗಿಲು ತೆಗೆ ಎನ್ನುತ್ತಿದ್ದ. ಹುಡುಗ ಅಳಲು ಶುರು ಮಾಡಿದ. ಅವನ ಅಳುವಿನ ಕೆಳಗೆ ಇನ್ನೊಂದು ಅಳು ಕೇಳಿಸುತ್ತಿತ್ತು, ಸೆರಗು ಬಾಯಿಗೆ ತುರುಕಿಕೊಂಡು ಅಳುವ ಅಳು. ಕೆಲವು ಗಳಿಗೆಯ ಹಿಂದೆ ತಾನು ಬರಿಗೈಯಲ್ಲಿ ಮುಳ್ಳಿನ ಮೆಳೆ ಎಳೆಯುತ್ತಿದ್ದಾಗ ಹೇಗಾಗಿತ್ತೋ ಹಾಗೇ ಅವಳಿಗೆ ಈಗ ಆಗುತ್ತಿದೆ ಎಂದು ಅವನಿಗೆ ತಿಳಿಯಿತು. ಬೆಳಿಗ್ಗೆ ಬಂದಿದ್ದ ಮುದ್ದಣ್ಣನಿಗೆ ಅದು ತಿಳಿಯುತ್ತಿರಲಿಲ್ಲ. ಅವನು ಬಾಗಿಲು ಒದ್ದು ಕೂಸನ್ನು ಕಿತ್ತುಕೊಂಡು ಹೋಗಿದ್ದರೂ ಹೋಗುತ್ತಿದ್ದ, ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ.

ಒಳಗಿನಿಂದ ಕದರಮ್ಮ ಕೇಳಿದಳು, "ಎಂದುಕೊಚ್ಚಿನಾವನ್ನಾ?" ಯಾಕೆ ಬಂದೆಯಣ್ಣ ಎಂದು. ತೆಲುಗು ಬಾರದಿದ್ದರೂ ಆ ಮಾತು ಅವನಿಗೆ ಅರ್ಥವಾಯಿತು.

"ಬಾಯಾರ್ತದೆ ಕಣಮ್ಮ" ಎಂದ. "ಕುಡಿಯಾಕೆ ನೀರು ಕೊಡು."

ಅಗುಳಿ ಸರಿಯಿತು. ಬಾಗಿಲು ಒಂದು ಕೈ ತೂರುವಷ್ಟು ತೆರೆಯಿತು, ಚೊಂಬು ಹಿಡಿದ ಕೈ ಈಚೆ ಬಂತು. ಚೊಂಬು ಕದಕ್ಕೆ ತಾಗಿ ಅರ್ಧ ನೀರು ಹೊಸಿಲ ಮೇಲೆ ಚೆಲ್ಲಿತು. ಅವಳು ಇನ್ನೊಂದು ಕೈಯಿಂದ ಕದವನ್ನು ಒತ್ತಿ ಹಿಡಿದಿದ್ದಳು. ಅವನು ಉಳಿದ ನೀರನ್ನು ನಿಂತೇ ಕುಡಿದು ಚೊಂಬನ್ನು ಹೊಸಿಲ ಮೇಲಿಟ್ಟ. ಜಗಲಿ ಇಳಿದು ಫಟಫಟಿಯ ಹತ್ತಿರ ಹೋಗಿ, ತಿರುಗಿ ಬಾಗಿಲಿಗೆ ಕೇಳಿಸುವ ಹಾಗೆ ಹೇಳಿದ.

"ಬಾಗ್ಲು ಪೂರ್ತಿ ತೆಗೆದಿಡಮ್ಮ. ಒಳಗೆ ನಿನ್ನ ಕೂಸಿಗೆ ಸೆಕೆ ಆಯ್ತದೆ."